ಎಂಟರ ಫ್ಯಾಕ್ಟೋರಿಯಲ್

ಕಳೆದ ತಿಂಗಳು ನಮ್ಮ ಕಾಲೇಜಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟ್ ಇರಲಿಲ್ಲ. ಲ್ಯಾಬ್ ಬಂದ್, ಪ್ರೊಜೆಕ್ಟರ್ ಬಂದ್. ಕಂಪ್ಯೂಟರ್ ಸೈನ್ಸ್ ವಿಭಾಗದ ನಾವೆಲ್ಲ ಎರಡನೇ ಪಂಕ್ತಿಗೆ ಕಾದವರ ಹಾಗೆ ಸ್ಟಾಫ್ ರೂಮಿನಲ್ಲಿ ಸಾಲಾಗಿ ಕೂತಿದ್ದೆವು. ಸುಮ್ಮನೆ ಕೂರುವುದು ನನ್ನಿಂದ ಆಗದ ಕೆಲಸ. ಫಸ್ಟ್ ಇಯರ್ ಮಕ್ಕಳನ್ನು ಹಿಂದಿನ ಹಳೇ ಕಟ್ಟಡಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಗೋಡೆಗೇ ಕಪ್ಪು ಬಳಿದು ಮಾಡಿದ ಬೋರ್ಡು ಇನ್ನೂ ಉಳಿದಿದೆ. ಡಸ್ಟರ್ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕರ್ಚೀಫಿನ ಮೇಲೆ ಬಾಟಲಿ ನೀರು ಸುರಿದುಕೊಂಡು ಬಂದು ಬೋರ್ಡು ಒರೆಸಿದಳು. ಒದ್ದೆ ಸೀಮೆಸುಣ್ಣದ ವಾಸನೆ ಎದ್ದಿತು... ಏನು ಪಾಠ ಮಾಡಬೇಕೆಂದು ಬಂದಿದ್ದೆನೋ ಅದೇ ನನಗೆ ಮರೆತುಹೋಯಿತು.

ಅದು ನಮ್ಮ ಮೇಷ್ಟ್ರ ವಾಸನೆ. ಅವರಿಗೆ ಧೂಳು ಆಗುತ್ತಿರಲಿಲ್ಲ. ಒಣ ಡಸ್ಟರ್ ಮುಟ್ಟಿದರೆ ಪೀರಿಯಡ್ ಪೂರ್ತಿ ಸೀನುವುದೇ. ಹಾಗಾಗಿ ಹಳೇ ಟವಲಿನ ತುಂಡೊಂದನ್ನು ಒದ್ದೆ ಮಾಡಿ, ಹಿಂಡಿಕೊಂಡೇ ಕ್ಲಾಸಿಗೆ ಬರುತ್ತಿದ್ದರು. ಬೋರ್ಡು ಒರೆಸಿ ಅದು ಆರುವ ತನಕ ಕಿಟಕಿ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಆ ಸ್ವಲ್ಪ ಹೊತ್ತು ಕ್ಲಾಸಿನಲ್ಲಿ ಮಾತಾಡಿದರೂ ಬೈಯುತ್ತಿರಲಿಲ್ಲ. ಬೋರ್ಡು ಒಣಗಿತೋ, ಮುಗಿಯಿತು, ಆಮೇಲೆ ಉಸಿರೆತ್ತುವ ಹಾಗಿಲ್ಲ.

ತೊಂಬತ್ತರ ದಶಕದ ಕೊನೆ ಅದು. ನಾನು ಗುಬ್ಬಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ತುಮಕೂರಿಗೆ ಓಡಾಡುತ್ತಾ ಬಿ.ಎಸ್ಸಿ. ಓದುತ್ತಿದ್ದೆ. ಅಬ್ಬಾಗೆ ಗುಬ್ಬಿಯಲ್ಲಿ ಸೈಕಲ್ ಶಾಪ್ ಇತ್ತು. ನಾನು ಟೈಪಿಂಗ್ ಜೂನಿಯರ್ ಪಾಸು ಮಾಡಿದ್ದೆ ಅನ್ನುವ ಒಂದೇ ಕಾರಣಕ್ಕೆ ಅವರು ನನ್ನನ್ನು ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ನಿಗೆ ಸೇರಿಸಿದರು. ಕಂಪ್ಯೂಟರ್ ಅಂದರೆ ಟಿವಿ ಕಟ್ಟಿದ ಟೈಪ್‌ರೈಟರ್ ಅಂತ ಅವರ ಲೆಕ್ಕ. ನನ್ನದೂ ಸುಮಾರಾಗಿ ಅದೇ ಲೆಕ್ಕವಾಗಿತ್ತು.

ಕಾಲೇಜಿಗೆ ಕಂಪ್ಯೂಟರ್ ಸೈನ್ಸ್ ಬಂದದ್ದೇ ನಮ್ಮ ಬ್ಯಾಚಿನಿಂದ. ಕಂಪ್ಯೂಟರುಗಳು ಬಂದವು, ಕಲಿಸುವವರು ಬರಲಿಲ್ಲ. ಲೆಕ್ಕ ಬರುವವರಿಗೆ ಕಂಪ್ಯೂಟರ್ ಬರದೇ ಇರುತ್ತದೆಯೇ ಎಂದು ಆಡಳಿತದವರು ನಮ್ಮ ಮ್ಯಾಥ್ಸ್ ಮೇಷ್ಟ್ರನ್ನೇ ಬೆಂಗಳೂರಿಗೆ ಕೆಲವು ವಾರದ ತರಬೇತಿಗೆ ಕಳಿಸಿದರು. ವಾಪಸ್ ಬಂದವರ ಕೈಗೆ ಸಿಲಬಸ್ ಕೊಟ್ಟು ಸಿ ಭಾಷೆ ಪಾಠ ಮಾಡಿ ಅಂದರು. ಅವರಿಗೆ ಆಗಲೇ ಐವತ್ತು ದಾಟಿತ್ತು. ನಿಟ್ಟೂರಿನಲ್ಲಿ ತೆಂಗಿನ ತೋಟ, ರಾಗಿ ಹೊಲ ಇದ್ದ ಮನೆತನ. ಸಂಜೆ ರೈಲಿನಲ್ಲಿ ನಾನು ಗುಬ್ಬಿಯಲ್ಲಿ ಇಳಿದರೆ ಅವರು ಮುಂದೆ ನಿಟ್ಟೂರಿಗೆ ಹೋಗುತ್ತಿದ್ದರು.

ಅವರ ಪಾಠದ ಹಾಗಿನ ಪಾಠವನ್ನು ನಾನು ಆಮೇಲೆ ಎಲ್ಲೂ ಕೇಳಲಿಲ್ಲ. ಪ್ರೋಗ್ರಾಮನ್ನು ಬೋರ್ಡಿನ ಮೇಲೆ ಬರೆದು, ಅದರಲ್ಲಿ ಎಷ್ಟು ವೇರಿಯಬಲ್ ಇದೆಯೋ ಅಷ್ಟು ಜನರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಒಬ್ಬ ಐ, ಒಬ್ಬ ಜೆ, ಒಬ್ಬಳು ಸಮ್. ಒಬ್ಬೊಬ್ಬರಿಗೂ ಬೋರ್ಡಿನಲ್ಲಿ ಒಂದೊಂದು ಚೌಕ, ಕೈಗೊಂದು ತುಂಡು ಸೀಮೆಸುಣ್ಣ. ಮೇಷ್ಟ್ರು ಒಂದೊಂದೇ ಸಾಲು ಓದುತ್ತಿದ್ದರು. ಯಾರ ಬೆಲೆ ಬದಲಾಗುತ್ತದೋ ಅವರು ತಮ್ಮ ಚೌಕ ಒರೆಸಿ ಹೊಸ ಸಂಖ್ಯೆ ಬರೆಯಬೇಕು. ಪಕ್ಕದವನ ಚೌಕ ನೋಡಿ ಹೇಳಿಕೊಟ್ಟರೆ ಕೆಟ್ಟ ಸಿಟ್ಟು ಬರುತ್ತಿತ್ತು. "ನೀನು ಐ ಕಣಯ್ಯ. ಜೆ ಮನೇಲಿ ಏನು ಸಾರು ಅಂತ ನಿಂಗ್ಯಾಕೆ? ಕರೆದಾಗ ಬಾ, ಹೇಳಿದ್ದು ಬರಿ, ಹೋಗು," ಅನ್ನುತ್ತಿದ್ದರು. ನಗುನಗುತ್ತಲೇ ಪ್ರೋಗ್ರಾಮು ಒಳಗೆ ಹೇಗೆ ನಡೆಯುತ್ತದೆ ಅನ್ನುವುದು ನಮ್ಮ ಮೈಗೆ ಹತ್ತಿಬಿಟ್ಟಿತ್ತು.

ಆದರೆ ಲ್ಯಾಬಿನಲ್ಲಿ ಅವರು ಬೇರೆಯೇ ಮನುಷ್ಯ. ಕಂಪ್ಯೂಟರ್ ಕೋಣೆಯ ಕಿಟಕಿಗೆ ನೀಲಿ ಪರದೆ, ನೆಲಕ್ಕೆ ಕಾರ್ಪೆಟ್ಟು, ಚಪ್ಪಲಿ ಹೊರಗೆ. ನಾವು ಒಂದೊಂದು ಕಂಪ್ಯೂಟರಿಗೆ ಮೂರು ಮೂರು ಜನ ಮುತ್ತಿಕೊಳ್ಳುತ್ತಿದ್ದೆವು. ಮೇಷ್ಟ್ರು ಮಾತ್ರ ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಏನಾದರೂ ಕೇಳಿದರೆ "ಪ್ರೋಗ್ರಾಮು ಬರೆದುಕೊಂಡು ಬಾ, ಇಲ್ಲೇ ನೋಡ್ತೀನಿ" ಅನ್ನುತ್ತಿದ್ದರು. ಅವರು ಒಂದು ದಿನವೂ ಕೀಬೋರ್ಡ್ ಮುಟ್ಟಿದ್ದನ್ನು ನಾವು ನೋಡಿರಲಿಲ್ಲ. ದೊಡ್ಡವರ ದೊಡ್ಡತನ ಅಂದುಕೊಂಡಿದ್ದೆವು.

ಹೀಗಿರುವಾಗ ಫ್ಯಾಕ್ಟೋರಿಯಲ್ ಬಂತು. ಒಂದರಿಂದ ಶುರುಮಾಡಿ ಆ ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸುವುದು, ಅಷ್ಟೇ. ಐದರದ್ದು ನೂರಿಪ್ಪತ್ತು. ಬೋರ್ಡಿನ ಮೇಲೆ ಎಲ್ಲ ಸರಿಯಾಗಿ ಬಂತು. ಮಾರನೇ ದಿನ ಲ್ಯಾಬಿನಲ್ಲಿ ನಮ್ಮ ಕ್ಲಾಸಿನ ಉದ್ದನೆಯ ಹುಡುಗನೊಬ್ಬ, ತುಮಕೂರಿನವನೇ, ಬಾಯಿ ಜೋರು, ಎಂಟು ಅಂತ ಕೊಟ್ಟ. ಪರದೆಯ ಮೇಲೆ ಮೈನಸ್ ಇಪ್ಪತ್ತೈದು ಸಾವಿರದ ಇನ್ನೂರ ಹದಿನಾರು ಅಂತ ಬಂತು. ಅವನು ಕೋಣೆಯಿಂದಲೇ ಕೂಗಿ ಹೇಳಿದ.

ಮೇಷ್ಟ್ರು ಒಳಗೆ ಬಂದು ದೂರದಿಂದಲೇ ನೋಡಿದರು. ಪ್ರೋಗ್ರಾಮನ್ನು ಒಂದೊಂದೇ ಸಾಲು ಓದಿಸಿದರು. ಒಂದು ತಪ್ಪೂ ಇರಲಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಹಾಕಿಸಿದರು, ಅಲ್ಲೂ ಅದೇ ಮೈನಸ್. ಅವರ ಮುಖ ಕೆಂಪಾಯಿತು. "ಪ್ಲಸ್ಸಿಗೆ ಪ್ಲಸ್ಸು ಗುಣಿಸಿದ್ರೆ ಮೈನಸ್ ಬರುತ್ತೇನಯ್ಯ? ಬ್ರಹ್ಮ ಬಂದ್ರೂ ಬರಲ್ಲ. ಮೆಷಿನ್ನುಗಳು ಕೆಟ್ಟಿವೆ," ಅಂದವರು, ಸೀದಾ ಹೋಗಿ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ದೂರು ಕೊಟ್ಟರು. ಕಾಲೇಜಿಗೆ ತರಿಸಿರುವ ಕಂಪ್ಯೂಟರುಗಳಿಗೆ ಗುಣಾಕಾರ ಸರಿಯಾಗಿ ಬರುವುದಿಲ್ಲ, ಸರಬರಾಜು ಮಾಡಿದವರನ್ನು ಕರೆಸಿ ರಿಪೇರಿ ಮಾಡಿಸಬೇಕು ಅಂತ.

ಈಗ ಬರೆಯುವಾಗ ನಗು ಬರುತ್ತದೆ. ಆದರೆ ಅವರ ಜಾಗದಲ್ಲಿ ನಿಂತು ನೋಡಿ. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟ ಮನುಷ್ಯನಿಗೆ, ಲೆಕ್ಕ ಸುಳ್ಳಾಗುವುದಕ್ಕಿಂತ ಯಂತ್ರ ಕೆಟ್ಟಿರುವುದೇ ಹೆಚ್ಚು ನಂಬಿಕೆಯ ಮಾತು.

ಕಂಪನಿಯಿಂದ ಒಬ್ಬ ಹುಡುಗ ಬಂದ. ಟೈ ಕಟ್ಟಿದ್ದ. ಪ್ರಿನ್ಸಿಪಾಲರು, ಮೇಷ್ಟ್ರು, ನಾವಿಷ್ಟೂ ಜನ ನಿಂತಿರುವಾಗ ಎರಡು ನಿಮಿಷದಲ್ಲಿ ನೋಡಿ ನಕ್ಕುಬಿಟ್ಟ. "ಮೆಷಿನ್ ಸರಿಯಾಗಿದೆ ಸಾರ್. ಇಂಟ್ ಅಂದ್ರೆ ಸಂಖ್ಯೆ ಇಡೋ ಡಬ್ಬಿ, ಇದ್ರಲ್ಲಿ ಅದಕ್ಕೆ ಎರಡೇ ಬೈಟು. ಮೂವತ್ತೆರಡು ಸಾವಿರದ ಏಳ್ನೂರ ಅರವತ್ತೇಳು ದಾಟಿದ್ರೆ ಜಾಗ ಸಾಲಲ್ಲ, ಮೈನಸ್ಸಿಗೆ ಹೋಗುತ್ತೆ. ಇಂಟ್ ಬದ್ಲು ಲಾಂಗ್ ಅಂತ ಹಾಕಿ, ಅದು ದೊಡ್ಡ ಡಬ್ಬಿ, ಸರಿಹೋಗುತ್ತೆ. ಇದು ಮೊದಲನೇ ಚಾಪ್ಟರಲ್ಲೇ ಇರುತ್ತಲ್ಲ ಸಾರ್," ಅಂದ. ಪ್ರಿನ್ಸಿಪಾಲರು ಕೆಟ್ಟವರೇನಲ್ಲ, ಆದರೆ ಕಂಪನಿಯವನ ಮುಂದೆ ಅವರಿಗೂ ಮುಜುಗರವಾಗಿತ್ತು. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಳಂತೆ, ಹಂಗಾಯ್ತಲ್ಲ ಮೇಷ್ಟ್ರೇ," ಅಂದುಬಿಟ್ಟರು. ನಮ್ಮ ಮುಂದೆಯೇ.

ಅವತ್ತಿನಿಂದ ಅವರ ಹೆಸರು ಮೈನಸ್ ಮೇಷ್ಟ್ರು. ಇಟ್ಟವನು ಅದೇ ಉದ್ದನೆಯ ಹುಡುಗ. ವಾರ ಕಳೆಯುವಷ್ಟರಲ್ಲಿ ಕ್ಯಾಂಟೀನಿನವರಿಗೂ ಗೊತ್ತಾಗಿತ್ತು. ಕಾರಿಡಾರಿನಲ್ಲಿ ಅವರು ಹೋದರೆ ಹಿಂದಿನಿಂದ ಯಾರೋ ಒಬ್ಬ ಮೆಲ್ಲಗೆ ಹೇಳುವುದು, ಅವರು ತಿರುಗದೇ ಹೋಗುವುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಆಗ ತಿಳಿಯಿತು.

ಅದರ ಬೆನ್ನಿಗೇ ಇನ್ನೊಂದು ಸುದ್ದಿ ಹಬ್ಬಿತು. ಕಂಪ್ಯೂಟರ್ ಓದಿಕೊಂಡ ಲೆಕ್ಚರರ್ ಒಬ್ಬರನ್ನು ತೆಗೆದುಕೊಳ್ಳುತ್ತಾರೆ, ಮೇಷ್ಟ್ರನ್ನು ಅದೇ ಆಡಳಿತದ ಕುಣಿಗಲ್ ಹೈಸ್ಕೂಲಿಗೆ ಹಾಕುತ್ತಾರೆ ಅಂತ. ಬರೀ ಮ್ಯಾಥ್ಸಿಗೆ ಸೇರುವ ಮಕ್ಕಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದರು. ಕಂಪ್ಯೂಟರ್ ಪಾಠವೂ ಕೈತಪ್ಪಿದರೆ ಅವರಿಗೆ ಈ ಕಾಲೇಜಿನಲ್ಲಿ ಜಾಗವಿರಲಿಲ್ಲ. ಪ್ರಿನ್ಸಿಪಾಲರು ಅವರನ್ನು ಕರೆದು, ವರ್ಷದ ಕೊನೆಯ ಲ್ಯಾಬ್ ಪರೀಕ್ಷೆಯನ್ನು ನೀವೇ ಒಳಗೆ ನಿಂತು ನಡೆಸಿಕೊಡುವ ಹಾಗಿದ್ದರೆ ಇರಿ, ಇಲ್ಲದಿದ್ದರೆ ನಾನು ಬೇರೆ ದಾರಿ ನೋಡುತ್ತೇನೆ ಅಂದಿದ್ದರಂತೆ.

ಇದನ್ನು ಮೇಷ್ಟ್ರೇ ನನಗೆ ಹೇಳಿದ್ದು. ಸಂಜೆಯ ರೈಲಿನಲ್ಲಿ, ಮಲ್ಲಸಂದ್ರ ದಾಟಿದ ಮೇಲೆ. ಬೋಗಿಯಲ್ಲಿ ಜನ ಕಡಿಮೆ ಇದ್ದರು. ಎದುರು ಸೀಟಿನಲ್ಲಿ ಕೂತು ಬಹಳ ಹೊತ್ತು ಹೊರಗೆ ನೋಡುತ್ತಿದ್ದವರು, "ನಿಂಗೆ ಟೈಪಿಂಗ್ ಬರುತ್ತಲ್ವೇನಮ್ಮ?" ಅಂದರು.

"ಬರುತ್ತೆ ಸಾರ್."

"ನಂಗೆ ಸ್ವಲ್ಪ ಹೇಳ್ಕೊಡ್ತೀಯಾ?"

ನಾನು ಅವರ ಮುಖ ನೋಡಿದೆ. ಆಗ ಅವರು ಬೆಂಗಳೂರಿನ ತರಬೇತಿಯ ಕಥೆ ಹೇಳಿದರು. ಮೊದಲ ದಿನ ಎಲ್ಲರಿಗಿಂತ ಮೊದಲು ಹೋಗಿ, ಆಸೆಯಿಂದ ಕೀಬೋರ್ಡಿನ ಒಂದು ಗುಂಡಿ ಒತ್ತಿದರಂತೆ. ಅದೇ ಗಳಿಗೆಯಲ್ಲಿ ಕರೆಂಟ್ ಹೋಗಿದೆ. ಕೋಣೆಯ ಎಲ್ಲ ಕಂಪ್ಯೂಟರ್ ಒಟ್ಟಿಗೆ ಆರಿವೆ. ಹೇಳಿಕೊಡಲು ಬಂದಿದ್ದ ಹುಡುಗ, ಇವರ ಮಗನ ವಯಸ್ಸಿನವನು, "ಯಾರ್ರೀ ನಿಮ್ಗೆ ಮುಟ್ಟೋಕೆ ಹೇಳಿದ್ದು?" ಅಂತ ಎಲ್ಲರ ಎದುರಿಗೆ ರೇಗಿದನಂತೆ. ಕರೆಂಟ್ ಹೋದದ್ದೆಂದು ಗೊತ್ತಾದ ಮೇಲೂ ಅವನು ತಪ್ಪಾಯಿತು ಅಂತ ಒಂದು ಮಾತೂ ಅಂದಿಲ್ಲ. ಇವರು ಆ ತರಬೇತಿ ಮುಗಿಯುವವರೆಗೂ ಹಿಂದಿನ ಸಾಲಿನಲ್ಲಿ ಕೂತು ನೋಟ್ಸ್ ಬರೆದುಕೊಂಡು ಬಂದಿದ್ದಾರೆ. "ಆಮೇಲೆ ಕೈ ಹೋಗ್ಲೇ ಇಲ್ಲ ಕಣಮ್ಮ," ಅಂದರು. ದೊಡ್ಡತನ ಅಂತ ನಾವು ಅಂದುಕೊಂಡಿದ್ದು ಬರೀ ಹೆದರಿಕೆ. ನಾಳೆ ಬೆಳಗಿನ ಮೊದಲ ರೈಲಿಗೇ ಬನ್ನಿ ಸಾರ್, ಲ್ಯಾಬಲ್ಲಿ ಹೇಳ್ಕೊಡ್ತೀನಿ ಅಂದೆ. ಗುಬ್ಬಿ ಬಂತು, ಇಳಿದೆ.

ಮಾರನೇ ದಿನದಿಂದ ಇಬ್ಬರೂ ಬೆಳಗಿನ ಮೊದಲ ರೈಲಿಗೆ ಬಂದೆವು. ಅವರು ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕೈ ತೊಳೆದು, ಒರೆಸಿ, ಕಂಪ್ಯೂಟರಿನ ಮುಂದೆ ಕೂತರು. ಕೈ ಮಾತ್ರ ತೊಡೆಯ ಮೇಲೇ ಇತ್ತು. "ಒತ್ತಿ ಸಾರ್, ಏನೂ ಆಗಲ್ಲ," ಅಂದೆ. "ಯಾವುದನ್ನ?" ಅಂದರು. "ಯಾವುದಾದ್ರೂ." ತೋರುಬೆರಳಿನಿಂದ ಒಂದು ಅಕ್ಷರ ಒತ್ತಿ ತಕ್ಷಣ ಮೇಲೆ ಟ್ಯೂಬ್‌ಲೈಟ್ ನೋಡಿದರು. ಉರಿಯುತ್ತಿತ್ತು. ಇಬ್ಬರೂ ನಕ್ಕೆವು. ಆಮೇಲೆ ಸರಾಗವಾಯಿತು. ಬೆರಳು ನಿಧಾನ, ತಲೆ ಚುರುಕು. ಕೆಲವೇ ದಿನಗಳಲ್ಲಿ ತಾವೇ ಪ್ರೋಗ್ರಾಮು ಹಾಕಿ, ತಾವೇ ಓಡಿಸಿ, ತಪ್ಪು ಬಂದರೆ ನನ್ನನ್ನು ಹತ್ತಿರಕ್ಕೂ ಬಿಡದೆ ತಾವೇ ಹುಡುಕುವ ಹಂತಕ್ಕೆ ಬಂದರು.

ಕಂಪನಿಯ ಹುಡುಗ ಹೇಳಿದ ಹಾಗೆ ಲಾಂಗ್ ಅಂತ ಬದಲಾಯಿಸಿ ಎಂಟು ಕೊಟ್ಟರು. ನಲವತ್ತು ಸಾವಿರದ ಮುನ್ನೂರ ಇಪ್ಪತ್ತು, ಸರಿಯಾದ ಉತ್ತರ. ಅಷ್ಟಕ್ಕೇ ಬಿಡುವ ಜೀವವಲ್ಲ ಅದು. ಒಂಬತ್ತು, ಹತ್ತು, ಹೀಗೇ ಏರಿಸುತ್ತಾ ಹೋಗಿ ಹದಿಮೂರಕ್ಕೆ ನಿಂತರು. ಪರದೆಯ ಮೇಲೆ ಉದ್ದನೆಯ ಸಂಖ್ಯೆ, ಮೈನಸ್ ಇರಲಿಲ್ಲ. ನನಗೆ ಸರಿಯಾಗೇ ಇದೆ ಅನ್ನಿಸಿತು. "ಕೊನೇಲಿ ಸೊನ್ನೆ ಎಲ್ಲಮ್ಮ?" ಅಂದರು. ಐದೂ ಎರಡೂ ಗುಣಿಸಿದ ಮೇಲೆ ಕೊನೆಯಲ್ಲಿ ಸೊನ್ನೆ ಬರಲೇಬೇಕು, ಇಲ್ಲಿ ನಾಲ್ಕಿತ್ತು. ಲಾಂಗಿನಲ್ಲೂ ಜಾಗ ಸಾಲದೇ ಹೋಗಿತ್ತು. ಅವರು ಕುರ್ಚಿಗೆ ಒರಗಿ ಹೇಳಿದರು: "ಇದು ಅದಕ್ಕಿಂತ ಅಪಾಯ. ಮೈನಸ್ ಬಂದ್ರೆ ತಪ್ಪು ಅಂತ ಗೊತ್ತಾಗುತ್ತೆ, ಮನುಷ್ಯ ನಾಚ್ಕೋತಾನೆ. ಇದು ಒಳ್ಳೇ ಬಟ್ಟೆ ಹಾಕ್ಕೊಂಡು ಸುಳ್ಳು ಹೇಳುತ್ತೆ." ಇಪ್ಪತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದ್ದೇನೆ, ಇದಕ್ಕಿಂತ ಮುಖ್ಯವಾದ ಮಾತನ್ನು ನಾನು ಯಾವ ಮಕ್ಕಳಿಗೂ ಹೇಳಿಲ್ಲ.

ಪರೀಕ್ಷೆಗೆ ಇನ್ನೂ ಸ್ವಲ್ಪ ದಿನವಿರುವಾಗ ಒಂದು ಮಧ್ಯಾಹ್ನ ಅವರು ಕ್ಲಾಸನ್ನೇ ಎಬ್ಬಿಸಿಕೊಂಡು ಹೊರಗಿನ ಹೊಂಗೆ ಮರದ ಕೆಳಗೆ ಬಂದರು. ಎಂಟು ಜನರನ್ನು ದುಂಡಗೆ ನಿಲ್ಲಿಸಿದರು. ಮೊದಲ ನಾಲ್ಕು ಜನ ಸೊನ್ನೆ, ಒಂದು, ಎರಡು, ಮೂರು. ಆಮೇಲಿನವರು ಮೈನಸ್ ನಾಲ್ಕು, ಮೈನಸ್ ಮೂರು, ಮೈನಸ್ ಎರಡು, ಮೈನಸ್ ಒಂದು. ಮೂರು ಅಂತ ನಿಂತವನು ಆ ಉದ್ದನೆಯ ಹುಡುಗ, ಅವನ ಪಕ್ಕ ಮೈನಸ್ ನಾಲ್ಕು ನಾನು. ಮೇಷ್ಟ್ರು ಮೊದಲು ಹೇಳಿದ್ದೇ ಇದು: "ಮೆಷಿನ್ ಮೇಲೆ ದೂರು ಕೊಟ್ಟೆ. ತಪ್ಪು ನಂದು. ಯಾಕೆ ತಪ್ಪು ಅಂತ ಇವತ್ತು ನೋಡೋಣ." ನಗಲು ಬಾಯಿ ತೆರೆದಿದ್ದವರೂ ಮುಚ್ಚಿಕೊಂಡರು.

ಸೊನ್ನೆಯ ಹತ್ತಿರದಿಂದ ಅವರೇ ನಡೆಯಲು ಶುರುಮಾಡಿದರು. ಒಂದು ಕೂಡಿಸಿದರೆ ಒಂದು ಹೆಜ್ಜೆ. ಒಂದು, ಎರಡು, ಮೂರು... ಉದ್ದನೆಯವನ ಮುಂದೆ ನಿಂತು, "ಇನ್ನೊಂದು ಸೇರಿಸಿದ್ರೆ ಎಲ್ಲಿಗೆ ಹೋಗ್ಲಯ್ಯ?" ಅಂದರು. ಅವನು ನಾಲ್ಕು ಅಂದ. "ನಾಲ್ಕು ಅನ್ನೋರ ಮನೆ ಎಲ್ಲೈತೆ ತೋರ್ಸು." ಅವನು ಸುತ್ತ ನೋಡಿದ. ಇರಲಿಲ್ಲ. "ಇರೋದೇ ಎಂಟು ಮನೆ. ಅರ್ಧ ಮೇಲಿನೋರಿಗೆ, ಅರ್ಧ ಕೆಳಗಿನೋರಿಗೆ ಹಂಚಿಬಿಟ್ಟವ್ರೆ. ನಾನು ಸರಿಯಾಗೇ ನಡೀತಾ ಇದೀನಿ, ಆದ್ರೂ ಬಂದು ನಿಲ್ಲೋದು ಇಲ್ಲೇ," ಅನ್ನುತ್ತಾ ನನ್ನ ಮುಂದೆ ಬಂದು ನಿಂತರು. ಉದ್ದನೆಯವನು ತಲೆ ಕೆರೆದುಕೊಂಡು, "ಸಾರ್, ಅಂದ್ರೆ ತಪ್ಪು ನಡೆದೋರ್ದಲ್ಲ, ಜಾಗ ಸಾಲ್ಲಿಲ್ಲ ಅಷ್ಟೇ," ಅಂದ. ಮೇಷ್ಟ್ರ ಮುಖದಲ್ಲಿ ಆಗ ಬಂದ ಬೆಳಕನ್ನು ನಾನು ಹತ್ತಿರದಿಂದ ನೋಡಿದೆ. ಕ್ಲಾಸು ಮತ್ತೆ ಅವರದಾಗಿತ್ತು.

ಅಷ್ಟರಲ್ಲಿ ಆಫೀಸಿನ ಅಟೆಂಡರ್ ಬಂದು, "ಪ್ರಿನ್ಸಿಪಾಲ್ರು ಕರೀತಾವ್ರೆ ಸಾ," ಅಂದ. ಮೇಷ್ಟ್ರು "ಯಾರೂ ಅಲ್ಲಾಡ್ಬೇಡಿ, ಎರಡೇ ನಿಮಿಷ, ಕಳೆಯೋದು ಬಾಕಿ ಐತೆ," ಅಂತ ಹೇಳಿ ಹೋದರು. ನಾವು ಹಾಗೇ ದುಂಡಗೆ ನಿಂತಿದ್ದೆವು. ಬಿಸಿಲು ಸರಿಯಿತು. ಬೆಲ್ ಹೊಡೆಯಿತು. ಅವರು ಬರಲಿಲ್ಲ.

ಹೊಸ ಲೆಕ್ಚರರಿಗೆ ಆದೇಶ ಹೋಗಿ ಆಗಲೇ ವಾರವಾಗಿತ್ತಂತೆ. ಪರೀಕ್ಷೆಯ ತನಕ ಕಾಯುತ್ತೇವೆ ಅಂದ ಮಾತು ಬರೀ ಮಾತು. ಆಡಳಿತ ಮಂಡಳಿಯವರು ಪ್ರಿನ್ಸಿಪಾಲರನ್ನೂ ಕೇಳಿರಲಿಲ್ಲ, ಅಥವಾ ಕೇಳಿರಲಿಲ್ಲ ಅಂತ ಪ್ರಿನ್ಸಿಪಾಲರು ಹೇಳಿದರು. ಮೇಷ್ಟ್ರಿಗೆ ಸೋಮವಾರದಿಂದ ಕುಣಿಗಲ್. ನಾನು ಅವರ ಹಿಂದೆ ಸ್ಟಾಫ್ ರೂಮಿಗೆ ಹೋಗಿ, ನಾನು ಬಂದು ಪ್ರಿನ್ಸಿಪಾಲರಿಗೆ ಹೇಳುತ್ತೇನೆ, ನಿಮಗೆ ಈಗ ಬರುತ್ತದೆ ಅಂತ ಹೇಳುತ್ತೇನೆ ಅಂದೆ. "ಬೇಡಮ್ಮ. ಸ್ಟೂಡೆಂಟ್ ಹತ್ರ ಕಲಿತೆ ಅಂತ ಇನ್ನೊಂದು ಕಥೆ ಆಗುತ್ತೆ," ಅಂದರು. ಮೇಜಿನ ಮೇಲಿನ ಸಾಮಾನು ಚೀಲಕ್ಕೆ ತುಂಬುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಹೊಸಬರು ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು. ಎಲ್ಲ ಪ್ರೋಗ್ರಾಮುಗಳನ್ನೂ ಜೆರಾಕ್ಸ್ ಮಾಡಿಸಿ ಹಂಚಿದರು. ನಾವು ಬಾಯಿಪಾಠ ಮಾಡಿದೆವು. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಿ, ಬಂದ ಪ್ರೋಗ್ರಾಮನ್ನು ಗಿಳಿ ಹಾಗೆ ಒಪ್ಪಿಸಿ, ಇಡೀ ಕ್ಲಾಸು ಒಳ್ಳೆಯ ಮಾರ್ಕ್ಸಿನಲ್ಲಿ ಪಾಸಾಯಿತು. ಆಡಳಿತದವರು ಅದನ್ನು ಬೋರ್ಡಿನ ಮೇಲೆ ಬರೆಸಿದರು.

ಆಮೇಲೆ ನಾನು ಎಂ.ಎಸ್ಸಿ. ಮಾಡಿ, ತುಮಕೂರಿನಲ್ಲೇ ಪಾಠ ಹೇಳುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ನೆಂಟರ ಮದುವೆಗೆಂದು ಕುಣಿಗಲ್ಲಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಸಿಕ್ಕಿದರು. ಸೊರಗಿ ಇಳಿದುಹೋಗಿದ್ದರು. ರಿಟೈರಾಗಲು ಕೆಲವು ತಿಂಗಳು ಉಳಿದಿತ್ತು. ನಾನು ಕಂಪ್ಯೂಟರ್ ಸೈನ್ಸ್ ಹೇಳಿಕೊಡುತ್ತೇನೆ ಅಂದಾಗ ಮಗುವಿನ ಹಾಗೆ ಸಂತೋಷಪಟ್ಟರು. ಏನೇನು ಪಾಠ, ಯಾವ ಭಾಷೆ, ಈಗ ಇಂಟ್ ಎಷ್ಟು ಬೈಟು, ಎಲ್ಲ ಕೇಳಿದರು. ನಾಲ್ಕು ಅಂದೆ. "ಮನೆ ಜಾಸ್ತಿ ಕಟ್ಸವ್ರೆ," ಅಂದರು.

ನಾನು ಕೇಳಿದೆ, ಇಲ್ಲಿಯ ಹೈಸ್ಕೂಲಿಗೂ ಕಂಪ್ಯೂಟರ್ ಬಂದಿರಬೇಕಲ್ಲ ಸಾರ್ ಅಂತ.

"ಬಂದ್ವಮ್ಮ, ಹೋದ ವರ್ಷ. ಹೆಡ್‌ಮಾಸ್ಟರ್ ಮೀಟಿಂಗ್ ಕರೆದು, ಯಾರಿಗೆ ಕಂಪ್ಯೂಟರ್ ಬರುತ್ತೆ ಅಂತ ಕೇಳಿದ್ರು."

"ನೀವೇ ತಗೊಂಡ್ರಾ?"

"ಸುಮ್ನೆ ಕೂತಿದ್ದೆ."

"ಯಾಕೆ ಸಾರ್? ನಿಮಗೆ ಬರ್ತಿತ್ತಲ್ಲ."

"ಬರ್ತಿತ್ತು..." ಅಂದರು. ಬಸ್ಸುಗಳ ಕಡೆ ನೋಡಿದರು. "ಬಾಯಿ ಬರ್ಲಿಲ್ಲ ಕಣಮ್ಮ." ಡ್ರಾಯಿಂಗ್ ಮೇಷ್ಟ್ರಿಗೆ ವಹಿಸಿದರಂತೆ. ಅವರು ಧೂಳು ಕೂರುತ್ತದೆ ಅಂತ ಕೋಣೆಗೆ ಬೀಗ ಹಾಕಿಟ್ಟಿದ್ದರಂತೆ. ನನಗೆ ಸಿಟ್ಟು ಬಂತು. ಕಂಪನಿಯ ಹುಡುಗನ ಮೇಲೆ, ಆಡಳಿತದವರ ಮೇಲೆ, ಗಾದೆ ಹೇಳಿದ ಪ್ರಿನ್ಸಿಪಾಲರ ಮೇಲೆ, ಒಂದು ಗಳಿಗೆ ಮೇಷ್ಟ್ರ ಮೇಲೂ. ಆ ಊರಿನ ಮಕ್ಕಳನ್ನು ಐ, ಜೆ ಅಂತ ನಿಲ್ಲಿಸಿ ಪಾಠ ಮಾಡುವವರು ಒಬ್ಬರಿದ್ದರು, ಅವರೇ ಬೀಗ ಹಾಕಿದ ಕೋಣೆಯ ಮುಂದೆ ದಿನಾ ಓಡಾಡುತ್ತಿದ್ದರು. ನಿಟ್ಟೂರಿಗೆ ಬಂದು ನೋಡುತ್ತೇನೆ ಸಾರ್ ಅಂದೆ. ಬಾಮ್ಮ ಅಂದರು. ಗುಬ್ಬಿಯಿಂದ ನಿಟ್ಟೂರು ಎಷ್ಟು ದೂರ... ಹೋಗಬೇಕು ಅಂದುಕೊಳ್ಳುತ್ತಲೇ ಇದ್ದೆ. ಅವರು ತೀರಿಹೋದ ಸುದ್ದಿ ನನಗೆ ರೈಲಿನಲ್ಲಿ ಯಾರೋ ಹೇಳಿದರು, ಹೋಗಿ ಆಗಲೇ ತಿಂಗಳಾಗಿತ್ತು.

ಕರೆಂಟ್ ಇಲ್ಲದ ಆ ದಿನ ಸಂಜೆ ಮನೆಗೆ ಬಂದು ನೋಡಿದರೆ, ನಮ್ಮ ಹಳೇ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಎಂದಿನ ಹಾಗೆ ಕಾಲೇಜಿನ ಮಾತು ನಡೆದಿತ್ತು. ಉದ್ದನೆಯವನು ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಈಗ ದೊಡ್ಡ ಹುದ್ದೆಯಲ್ಲಿದ್ದಾನೆ. ಮೈನಸ್ ಮೇಷ್ಟ್ರು ನೆನಪಿದ್ದಾರಾ, ಪಾಪ ಅವರಿಗೆ ಕಂಪ್ಯೂಟರ್ ಕೊನೆಗೂ ಬರಲಿಲ್ಲ ಅಂತ ಬರೆದಿದ್ದ. ಕೆಳಗೆ ಸಾಲಾಗಿ ನಗುವ ಮುಖಗಳು. ನಾನು ಕೂತು ಎಲ್ಲವನ್ನೂ ಬರೆದೆ. ಬೆಳಗಿನ ರೈಲು, ಹದಿಮೂರರ ಸುಳ್ಳು, ಕುಣಿಗಲ್ಲಿನ ಬೀಗ. ಬಂತು ಕಣಯ್ಯ, ಅವರಿಗೆ ಬಂತು, ಬಂದ ಮೇಲೆ ಕೇಳುವವರು ಇರಲಿಲ್ಲ ಅಂತ ಬರೆದೆ. ಈಗ ಅವರೂ ಇಲ್ಲ ಅಂತ ಬರೆದು ಕಳಿಸಿದೆ.

ಆಮೇಲೆ ಒಬ್ಬರು ಮಗಳ ಹುಟ್ಟುಹಬ್ಬದ ಫೋಟೋ ಹಾಕಿದರು, ಎಲ್ಲರೂ ಶುಭಾಶಯ ಹೇಳಿದರು. ಮಗುವಿನದೇನು ತಪ್ಪು? ನಾನೂ ಹೇಳಿದೆ.